ಯೆಜ್ಡಿ ಯಾಕೆ ನಿಂತಿತು? – ಹಳೆಯ ಗಾಡಿಯೊಳಗಿನ ಪಿಯುಸಿ ಭೌತಶಾಸ್ತ್ರ

ನಮ್ಮ ಕಡೆ ತೋಟದ ಮನೆಗಳಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಹಳೆಯ ಯೆಜ್ಡಿಯೋ ಜಾವಾನೋ ಗೋಣಿಚೀಲ ಹೊದ್ದು ನಿಂತಿರುವುದು ಅಪರೂಪವಲ್ಲ. ಮೇಲೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಒಣಗಿ ಕೊಬ್ಬರಿಯಾಗುತ್ತದೆ. ಕೆಳಗೆ ಗಾಡಿ ವರ್ಷಗಟ್ಟಲೆ ತುಕ್ಕು ಹಿಡಿಯುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡಾಗಲೋ ಜಾಗ ಬೇಕಾದಾಗಲೋ ಗುಜರಿಯವರು ಬರುತ್ತಾರೆ, ಕೆ.ಜಿ. ಲೆಕ್ಕದಲ್ಲಿ ತೂಗಿಸಿಕೊಂಡು ಹೋಗುತ್ತಾರೆ. ಅಂಥ ಒಂದು ಗಾಡಿ, 1980ರ ದಶಕದ ಯೆಜ್ಡಿ ರೋಡ್‌ಕಿಂಗ್, ಈ ವರ್ಷ ಗುಜರಿಗೆ ಹೋಗುವುದರಲ್ಲಿತ್ತು. ನಮ್ಮ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿಯ ದಾದಾ ಓಡಿಸುತ್ತಿದ್ದ ಗಾಡಿ ಅದು. ಒಂದು ಕಡೆ ತೋರಿಸಿದಾಗ ಬೋರ್ ಮಾಡಿಸಬೇಕು, ಪಿಸ್ಟನ್ ಹಾಕಬೇಕು, ಕಾಯಿಲ್ ಬದಲಿಸಬೇಕು ಎಂದು ಹೇಳಿದ ಮೊತ್ತ ಆಕೆಯ ವರ್ಷದ ಫೀಸಿಗಿಂತ ಹೆಚ್ಚಿತ್ತು. ಅಬ್ಬಾ 'ಬೇಡ, ಮಾರಿಬಿಡೋಣ' ಎಂದರು. ಚಾಚಾ ಒಂದು ವಾರ ಸಮಯ ಕೇಳಿದರು. ಆ ವಾರದಲ್ಲಿ ಮನೆಯ ಅಂಗಳದಲ್ಲೇ ನಡೆದ ಪರೀಕ್ಷೆಗಳನ್ನು ಪಾಠದ ರೂಪದಲ್ಲಿ ಇಲ್ಲಿ ಬರೆದಿದ್ದೇನೆ. ಆಕೆ ನೋಟ್ ಪುಸ್ತಕದಲ್ಲಿ ಅಳತೆಗಳನ್ನು ಗುರುತು ಹಾಕಿಕೊಂಡು ತಂದಿದ್ದರಿಂದಲೇ ಇದು ಸಾಧ್ಯವಾಯಿತು.

ಮೊದಲು ಗಾಡಿಯ ಪರಿಚಯ. ಇದು ನಮ್ಮ ರಾಜ್ಯದ್ದೇ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಬೈಕ್ ತಯಾರಿಕೆ ಆರಂಭಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಸುಮಾರು 16 ಅಶ್ವಶಕ್ತಿ. ಇಂದಿನ ಹುಡುಗರಿಗೆ ಇದು ಕಡಿಮೆ ಎನಿಸಬಹುದು. ರಸ್ತೆಯಲ್ಲಿ ಸ್ಕೂಟರ್ ಮತ್ತು ಮೊಪೆಡ್‌ಗಳೇ ತುಂಬಿದ್ದ ಕಾಲದಲ್ಲಿ ಇದು, ರಾಜ್‌ದೂತ್ 350, ಆಮೇಲೆ ಬಂದ ಯಮಹಾ ಆರ್‌ಎಕ್ಸ್ 100 – ಇವೇ ವೇಗದ ಗಾಡಿಗಳು.

ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ನೀವೇ ಲೆಕ್ಕ ಹಾಕಿ: π/4 × 6.5 × 6.5 × 7.5, ಅಂದರೆ ಸುಮಾರು 249 ಘನ ಸೆಂ.ಮೀ. ಜನ '250 ಸಿ.ಸಿ.' ಎನ್ನುವುದು ಇದನ್ನೇ.

ಯಾವ ಪೆಟ್ರೋಲ್ ಎಂಜಿನ್ನಾದರೂ ಓಡಲು ಮೂರು ಬೇಕು: ಸರಿಯಾದ ಸಮಯಕ್ಕೆ ಕಿಡಿ, ಸರಿಯಾದ ಪ್ರಮಾಣದಲ್ಲಿ ಪೆಟ್ರೋಲ್ ಮತ್ತು ಗಾಳಿ, ಸಾಕಷ್ಟು ಸಂಪೀಡನ. ಈ ಮೂರರಲ್ಲಿ ಯಾವುದು ಇಲ್ಲ ಎಂದು ಗೊತ್ತಾಗುವ ಮೊದಲು ಸ್ಪ್ಯಾನರ್ ಹಿಡಿಯಬಾರದು. ಒಂದೇ ಸಲ ನಾಲ್ಕು ಭಾಗ ಬದಲಿಸಿದರೆ ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಮುಂದಿನ ತಿಂಗಳು ಮತ್ತೆ ನಿಂತರೆ ಮತ್ತೆ ನಾಲ್ಕು ಭಾಗ.

ಸಂಪೀಡನದ ಪರೀಕ್ಷೆಗೆ ಉಪಕರಣವೇ ಬೇಕಿಲ್ಲ. ಇಗ್ನಿಷನ್ ಆಫ್ ಮಾಡಿ ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಬಿಟ್ಟರೆ ಒಂದು ಹಂತದಲ್ಲಿ ಅದು ತಡೆಯಬೇಕು, ಆಮೇಲೆ ಜಾರಬೇಕು. ಈ ಗಾಡಿಯಲ್ಲಿ ಚಾಚಾ ಪೂರ್ತಿ ಭಾರ ಬಿಟ್ಟರೂ ಕಿಕ್ಕರ್ ಒಂದೆರಡು ಕ್ಷಣ ನಿಲ್ಲುತ್ತಿತ್ತು. ಬೋರ್ ಮಾಡಿಸಿ ಎಂದ ಮಾತಿನ ಮೇಲೆ ಅಲ್ಲಿಗೇ ಅನುಮಾನ ಬಂತು.

ಇನ್ನು ಕಿಡಿ. ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಮಾಡಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಒಂದು ಎಚ್ಚರಿಕೆ: ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಹೊರಬರುತ್ತದೆ. ಪ್ಲಗ್ಗನ್ನು ಆ ತೂತಿನ ಹತ್ತಿರ ಹಿಡಿಯಬೇಡಿ, ಎಂಜಿನ್ನಿನ ಬೇರೆ ಮೂಲೆಗೆ ತಾಗಿಸಿ. ತೂತಿಗೆ ಒದ್ದೆ ಬಟ್ಟೆ ತುರುಕಿ. ಕೈಯಲ್ಲಿ ಲೋಹ ಹಿಡಿಯಬೇಡಿ.

ಇಲ್ಲಿ ಕಿಡಿ ಬರುತ್ತಿತ್ತು, ಆದರೆ ಹಳದಿ ಬಣ್ಣದ್ದು, ಸಣ್ಣದು. ಬೇಕಾದದ್ದು ನೀಲಿಯಾದ, 'ಚಟ್' ಎಂದು ಕೇಳಿಸುವ ಕಿಡಿ. ಕಿಡಿ ಇದೆಯಲ್ಲ ಎಂದು ಬಿಟ್ಟುಬಿಟ್ಟಿದ್ದರೆ ಪಾಠ ಇಲ್ಲಿಗೇ ಮುಗಿಯುತ್ತಿತ್ತು. ತೆರೆದ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನೊಳಗೆ, ಒತ್ತಿದ ಮಿಶ್ರಣದಲ್ಲಿ ಹಾರಬೇಕೆಂದಿಲ್ಲ. ಒತ್ತಡ ಹೆಚ್ಚಾದಷ್ಟೂ ಅದೇ ಅಂತರ ಹಾರಲು ಹೆಚ್ಚು ವೋಲ್ಟೇಜ್ ಬೇಕು.

6 ವೋಲ್ಟಿನ ಬ್ಯಾಟರಿಯಿಂದ ಹದಿನೈದಿಪ್ಪತ್ತು ಸಾವಿರ ವೋಲ್ಟ್ ಬರುವುದು ಹೇಗೆ? ದ್ವಿತೀಯ ಪಿಯುಸಿಯ ವಿದ್ಯುತ್ಕಾಂತೀಯ ಪ್ರೇರಣೆಯ ಅಧ್ಯಾಯ ತೆಗೆಯಿರಿ. ಇಗ್ನಿಷನ್ ಕಾಯಿಲ್ ಎಂದರೆ ಒಂದೇ ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿ. ಮೊದಲನೆಯದರಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತು, ಎರಡನೆಯದರಲ್ಲಿ ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಬ್ಯಾಟರಿಯ ಪ್ರವಾಹ ಮೊದಲ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರ ನಿರ್ಮಾಣವಾಗುತ್ತದೆ. ಪಿಸ್ಟನ್ ಮೇಲಕ್ಕೆ ಬರುವ ಹೊತ್ತಿಗೆ ಕ್ಯಾಮ್ ಒಂದು ಸಣ್ಣ ಸ್ವಿಚ್ಚನ್ನು ತೆರೆಯುತ್ತದೆ. ಮೆಕ್ಯಾನಿಕ್‌ಗಳು 'ಪಾಯಿಂಟ್' ಎನ್ನುವುದು ಈ ಸ್ವಿಚ್ಚಿಗೆ. ಪ್ರವಾಹ ತಟ್ಟನೆ ನಿಂತಾಗ ಕಾಂತಕ್ಷೇತ್ರ ಕುಸಿಯುತ್ತದೆ. ಫ್ಯಾರಡೆ ನಿಯಮದ ಪ್ರಕಾರ ಎಷ್ಟು ಬೇಗ ಕುಸಿಯುತ್ತದೋ ಅಷ್ಟು ಹೆಚ್ಚು ವೋಲ್ಟೇಜ್. ಮೊದಲ ಸುರುಳಿಯಲ್ಲೇ ಸ್ವಪ್ರೇರಣೆಯಿಂದ 200–300 ವೋಲ್ಟ್ ಬರುತ್ತದೆ. ಎರಡನೆಯದರಲ್ಲಿ ಸುತ್ತುಗಳು ಅರವತ್ತು ಎಂಬತ್ತು ಪಟ್ಟು ಇರುವುದರಿಂದ ಅಷ್ಟು ಪಟ್ಟು ಹೆಚ್ಚು.

ಪಾಯಿಂಟ್ ಪಕ್ಕದಲ್ಲಿ ಸಣ್ಣ ಡಬ್ಬಿಯಂಥ ಕಂಡೆನ್ಸರ್ ಇರುತ್ತದೆ. ನಿಮ್ಮ ಪುಸ್ತಕದ ಧಾರಕವೇ ಇದು, ಸುಮಾರು 0.2 ಮೈಕ್ರೋಫ್ಯಾರಡ್. ಇದು ಇಲ್ಲದಿದ್ದರೆ ಪಾಯಿಂಟ್ ತೆರೆಯುವಾಗ ಪ್ರವಾಹ ನಿಲ್ಲಲೊಪ್ಪದೆ ಅಂತರವನ್ನೇ ಹಾರುತ್ತದೆ. ಪ್ರವಾಹ ನಿಧಾನವಾಗಿ ನಿಂತರೆ ಪ್ಲಗ್ಗಿನಲ್ಲಿ ಕಿಡಿ ಸಾಯುತ್ತದೆ, ಪಾಯಿಂಟ್ ಸುಟ್ಟು ಗುಳಿ ಬೀಳುತ್ತದೆ. ತೋಟದ ಮೋಟಾರಿನ ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡಿದವರಿಗೆ ಇಂಥ ಸುಟ್ಟ ಗುಳಿಯ ಪರಿಚಯ ಇದ್ದೇ ಇರುತ್ತದೆ. ಕಿಕ್ ಮಾಡುವಾಗ ಪಾಯಿಂಟಿನಲ್ಲೇ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಮೇಲೆ ಸಂಶಯ ಪಡಿ. ಇಲ್ಲಿ ಹಾಗಿರಲಿಲ್ಲ. ಕಾಲೇಜಿನ ಮಲ್ಟಿಮೀಟರಿನಲ್ಲಿ ಅಳೆದಾಗಲೂ ಕಂಡೆನ್ಸರ್ ಸರಿ ಇತ್ತು.

ಹಾಗಾದರೆ ಕಿಡಿ ಸಣ್ಣದೇಕೆ? ಇಲ್ಲಿ ಓಮ್ ನಿಯಮ ಸಾಕು. ಕಾಯಿಲಿನ ಮೊದಲ ಸುರುಳಿಯ ರೋಧ 1.5 ಓಮ್. 6 ವೋಲ್ಟಿಗೆ 4 ಆಂಪಿಯರ್ ಹರಿಯಬೇಕು. ದಾರಿಯಲ್ಲಿ ಎಲ್ಲೋ ಕೊಳೆ, ತುಕ್ಕು ಸೇರಿ ಅರ್ಧ ಓಮ್ ರೋಧ ಹೆಚ್ಚಾಗಿದೆ ಎನ್ನಿ. ಒಟ್ಟು 2 ಓಮ್, ಪ್ರವಾಹ 3 ಆಂಪಿಯರ್. ಕಾಲು ಭಾಗವಷ್ಟೇ ಕಡಿಮೆಯಾಯಿತು ಎಂದುಕೊಳ್ಳಬೇಡಿ. ಸುರುಳಿಯಲ್ಲಿ ಕೂಡಿಡುವ ಶಕ್ತಿ ½LI², ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿದೆ. L ಅನ್ನು 5 ಮಿಲಿಹೆನ್ರಿ ಎಂದಿಟ್ಟುಕೊಂಡರೆ 4 ಆಂಪಿಯರಿಗೆ 40 ಮಿಲಿಜೌಲ್, 3 ಆಂಪಿಯರಿಗೆ 22.5 ಮಿಲಿಜೌಲ್. ಅರ್ಧ ಓಮಿನ ಕೊಳೆ ಕಿಡಿಯ ಹತ್ತಿರ ಹತ್ತಿರ ಅರ್ಧ ಶಕ್ತಿಯನ್ನು ತಿಂದುಹಾಕಿತು. 12 ವೋಲ್ಟಿನ ಗಾಡಿಯಲ್ಲಿ ಕಾಯಿಲಿನ ರೋಧವೇ ಹೆಚ್ಚು, ಹಾಗಾಗಿ ಅಷ್ಟೇ ಕೊಳೆ ಇಷ್ಟು ತೊಂದರೆ ಕೊಡುವುದಿಲ್ಲ. 'ಆರು ವೋಲ್ಟಿನ ಗಾಡಿ ಬಲು ಹಠಮಾರಿ' ಎಂದು ಹಳೆಯ ಉಸ್ತಾದರು ಹೇಳುವುದರ ಒಳಗುಟ್ಟು ಇಷ್ಟೇ.

ಅರ್ಧ ಓಮನ್ನು ಸಾಧಾರಣ ಮಲ್ಟಿಮೀಟರಿನಲ್ಲಿ ನೇರವಾಗಿ ಅಳೆಯುವುದು ನಂಬುವಂಥದ್ದಲ್ಲ. ಅದರ ತಂತಿಗಳಿಗೇ ಅಷ್ಟು ರೋಧವಿರಬಹುದು. ಜಾಣ ದಾರಿ ಬೇರೆ ಇದೆ. ಪಾಯಿಂಟ್ ಮುಚ್ಚಿರುವಾಗ ಇಗ್ನಿಷನ್ ಆನ್ ಮಾಡಿ ಪಾಯಿಂಟಿನ ಎರಡು ಬದಿಗಳ ನಡುವಿನ ವಿಭವಾಂತರ ಅಳೆಯಿರಿ. ಸ್ವಚ್ಛವಾಗಿದ್ದರೆ 0.1 ವೋಲ್ಟಿನ ಆಸುಪಾಸು ಇರಬೇಕು. ನಮ್ಮ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಬರೆದಿದ್ದದ್ದು 1.5 ವೋಲ್ಟ್. 3 ಆಂಪಿಯರ್ ಗುಣಿಸು 0.5 ಓಮ್! ಅಳತೆ ಬೇಗ ಮುಗಿಸಿ, ಇಲ್ಲದಿದ್ದರೆ ಕಾಯಿಲ್ ಸುಮ್ಮನೆ ಬಿಸಿಯಾಗುತ್ತದೆ.

ಸಣ್ಣ ಉಪ್ಪುಕಾಗದದ ತುಂಡನ್ನು ಪಾಯಿಂಟುಗಳ ನಡುವೆ ಎರಡು ಮೂರು ಸಲ ಎಳೆದು, ಪುಡಿ ಉಳಿಯದಂತೆ ಒರೆಸಿ, ಅರ್ಥ್ ಆಗುವ ಸ್ಕ್ರೂ ಬಿಚ್ಚಿ ಅದರ ಕೆಳಗಿನ ತುಕ್ಕು ಕೆರೆದ ಮೇಲೆ ಮೀಟರ್ 0.1ಕ್ಕೆ ಇಳಿಯಿತು. ಇನ್ನುಳಿದದ್ದು ಪಾಯಿಂಟ್ ಪೂರ್ತಿ ತೆರೆದಾಗಿನ ಅಂತರ: 0.4 ಮಿ.ಮೀ. ಮನೆಯಲ್ಲಿ ಫೀಲರ್ ಗೇಜ್ ಇರಲಿಲ್ಲ. ಆಕೆ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಏಳೆಂಟು ವಿಸಿಟಿಂಗ್ ಕಾರ್ಡುಗಳನ್ನು ಪ್ರಯೋಗಾಲಯಕ್ಕೆ ತಂದು ಸ್ಕ್ರೂ ಗೇಜಿನಲ್ಲಿ ಅಳೆದು, 0.40 ತೋರಿಸಿದ ಕಾರ್ಡನ್ನು ಆರಿಸಿಕೊಂಡು ಹೋದಳು. 'ಸ್ಕ್ರೂ ಗೇಜ್ ಪರೀಕ್ಷೆಗೆ ಬಿಟ್ಟರೆ ಯಾವುದಕ್ಕೆ ಸರ್?' ಎಂದು ಪ್ರತಿವರ್ಷ ಯಾರಾದರೂ ಕೇಳುತ್ತೀರಿ. ಇದಕ್ಕೆ.

ನಾಲ್ಕನೆಯ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಖರ್ಚಾದದ್ದು ಒಂದು ಹೊಸ ಪ್ಲಗ್ ಮತ್ತು ಉಪ್ಪುಕಾಗದದ ಹಣ.

ಆದರೆ ಕಥೆ ಮುಗಿಯಲಿಲ್ಲ. ಚಾಚಾ ಹುಳಿಯಾರು ರಸ್ತೆಯಲ್ಲಿ ಹೊರಟರು, ಮೂರು ನಾಲ್ಕು ಕಿ.ಮೀ. ಹೋಗುವಷ್ಟರಲ್ಲಿ ಗಾಡಿ ಎಳೆದಾಡಿ ನಿಂತಿತು. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್ ಆಗಿ ಒಂದಷ್ಟು ದೂರ ಹೋಗಿ ಮತ್ತೆ ನಿಂತಿತು. ದಾರಿಯಲ್ಲಿ ಸಿಕ್ಕವರೆಲ್ಲ ಒಂದೇ ತೀರ್ಪು ಕೊಟ್ಟರು: ಎಂಜಿನ್ ಬಿಸಿಯಾಗಿ ಹಿಡಿಯುತ್ತಿದೆ, ಪಿಸ್ಟನ್ ಹೋಗಿದೆ. ಕೇಳಿದವರಿಗೆ ಸರಿ ಎನಿಸುವ ಮಾತೇ. ಆದರೆ ಬಿಸಿಗೆ ಪಿಸ್ಟನ್ ಹಿಡಿದಿದ್ದರೆ ನಿಂತ ಕ್ಷಣದಲ್ಲಿ ಕಿಕ್ಕರ್ ಗಟ್ಟಿಯಾಗಿರಬೇಕು. ಅದು ಎಂದಿನಂತೆಯೇ ಇಳಿಯುತ್ತಿತ್ತು. ಪ್ಲಗ್ ಬಿಚ್ಚಿದರೆ ಕಿಡಿ ನೀಲಿ, ಆದರೆ ಪ್ಲಗ್ ಒಣ. ಅಂದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಇದೆ.

ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಇಳಿಯುವುದು ಪಂಪಿನಿಂದಲ್ಲ, ತನ್ನ ಭಾರದಿಂದ. ಎರಡರ ನಡುವಿನ ಎತ್ತರ 20 ಸೆಂ.ಮೀ. ಎನ್ನಿ. ಆ ಕಂಬದ ಒತ್ತಡ hρg: 0.2 × 740 × 9.8, ಅಂದರೆ ಸುಮಾರು 1450 ಪ್ಯಾಸ್ಕಲ್. ವಾತಾವರಣದ ಒತ್ತಡ ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ಪ್ಯಾಸ್ಕಲ್. ಪೆಟ್ರೋಲನ್ನು ಕೆಳಗೆ ತಳ್ಳುವ ಒತ್ತಡ ಅದರ ನೂರರಲ್ಲಿ ಒಂದೂವರೆ ಪಾಲೂ ಇಲ್ಲ.

ಪೆಟ್ರೋಲ್ ಇಳಿದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಟ್ಯಾಂಕಿನ ಮುಚ್ಚಳದಲ್ಲಿ ಸೂಜಿ ಗಾತ್ರದ ತೂತು ಇರುತ್ತದೆ. ಅದು ಮುಚ್ಚಿಹೋದರೆ? ಒಳಗೆ 5 ಲೀಟರ್ ಗಾಳಿ ಇದೆ ಎಂದುಕೊಳ್ಳಿ. ಬಾಯ್ಲ್ ನಿಯಮದಂತೆ ಅದು ಶೇ. 1.4ರಷ್ಟು ಹಿಗ್ಗಿದರೆ, ಅಂದರೆ 70 ಮಿ.ಲೀ. ಪೆಟ್ರೋಲ್ ಇಳಿದರೆ, ಒಳಗಿನ ಒತ್ತಡ ಅಷ್ಟೇ ಪ್ರಮಾಣದಲ್ಲಿ ಕುಸಿದು ಹೊರಗಿನ ಗಾಳಿ ಕೆಳಗಿನಿಂದ ಪೆಟ್ರೋಲನ್ನು ಎತ್ತಿ ಹಿಡಿಯುತ್ತದೆ. ಹರಿವು ನಿಂತುಹೋಗುತ್ತದೆ. ಲೀಟರಿಗೆ 30 ಕಿ.ಮೀ. ಕೊಡುವ ಗಾಡಿ 70 ಮಿ.ಲೀ.ನಲ್ಲಿ ಎರಡು ಕಿ.ಮೀ. ಹೋಗುತ್ತದೆ. ಪೆಟ್ರೋಲ್ ಆವಿಯ ಒತ್ತಡವನ್ನೂ ಕಾರ್ಬೊರೇಟರ್ ಬಟ್ಟಲಿನಲ್ಲಿ ಮೊದಲೇ ಇರುವ ಪೆಟ್ರೋಲನ್ನೂ ಸೇರಿಸಿದರೆ ಇನ್ನೂ ಒಂದೆರಡು ಕಿ.ಮೀ. ಲೆಕ್ಕ ಮತ್ತು ರಸ್ತೆ ಎರಡೂ ಒಂದೇ ಮಾತು ಹೇಳಿದವು! ಸ್ವಲ್ಪ ಹೊತ್ತು ಬಿಟ್ಟರೆ ಮುಚ್ಚಳದ ಸಂದುಗಳಿಂದ ಗಾಳಿ ನಿಧಾನವಾಗಿ ಒಳಸೇರುತ್ತದೆ, ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ. 'ತಣ್ಣಗಾದ ಮೇಲೆ ಹೊರಡುತ್ತದೆ' ಎಂದು ಜನ ತಪ್ಪು ತಿಳಿಯುವುದು ಇದರಿಂದಲೇ.

ಪರೀಕ್ಷೆ ಬಹಳ ಸುಲಭ. ಮುಂದಿನ ಸಲ ನಿಂತಾಗ, ಕಾಯದೆ, ಮುಚ್ಚಳ ತೆರೆದು ಕಿವಿಗೊಡಬೇಕು. 'ಸುಯ್' ಎಂದು ಗಾಳಿ ಒಳನುಗ್ಗಿತು, ಮರುಕ್ಷಣವೇ ಗಾಡಿ ಸ್ಟಾರ್ಟ್ ಆಯಿತು. ಮನೆಗೆ ತಂದು ಮುಚ್ಚಳ ಬಿಚ್ಚಿ ನೋಡಿದರೆ ಗಾಳಿತೂತಿನೊಳಗೆ ಗಟ್ಟಿಯಾದ ಮಣ್ಣು. ಅಟ್ಟದ ಕೆಳಗೆ ನಿಂತಿದ್ದ ವರ್ಷಗಳಲ್ಲಿ ಯಾವುದೋ ಹುಳ ಗೂಡು ಮೆತ್ತಿತ್ತು. ಪೊರಕೆ ಕಡ್ಡಿಯಲ್ಲಿ ಚುಚ್ಚಿ ತೆಗೆದರು.

ಈಗ ಪೆಟ್ರೋಲಿನ ವಿಷಯ, ಇದು ರಸಾಯನಶಾಸ್ತ್ರದವರಿಗೆ. ಇಂದು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥೆನಾಲ್ ಇದೆ. ದೇಶ ಈ ಗುರಿಯನ್ನು 2025ರಲ್ಲಿ ಮುಟ್ಟಿತು. ಹೊಸ ಗಾಡಿಗಳು ಇದಕ್ಕೆ ಹೊಂದಿಕೊಳ್ಳುವಂತೆ ತಯಾರಾಗಿವೆ. 1980ರ ಕಾರ್ಬೊರೇಟರಿಗೆ ಇದು ಗೊತ್ತಿಲ್ಲ. ಎಥೆನಾಲ್ ಉರಿಯುವ ಸಮೀಕರಣ ಬರೆಯಿರಿ: C₂H₅OH + 3O₂ → 2CO₂ + 3H₂O. 46 ಗ್ರಾಂ ಎಥೆನಾಲಿಗೆ 96 ಗ್ರಾಂ ಆಕ್ಸಿಜನ್. ಗಾಳಿಯ ಲೆಕ್ಕದಲ್ಲಿ ಒಂದು ಗ್ರಾಂ ಎಥೆನಾಲಿಗೆ 9 ಗ್ರಾಂ ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ 14.7 ಗ್ರಾಂ ಬೇಕು. ಶೇ. 20ರ ಮಿಶ್ರಣಕ್ಕೆ ಸುಮಾರು 13.5. ಆದರೆ ಹಳೆಯ ಜೆಟ್ ಮೊದಲಿನ ಅಳತೆಯಲ್ಲೇ ಗಾಳಿ ಮತ್ತು ಪೆಟ್ರೋಲ್ ಬೆರೆಸುತ್ತದೆ. ಹೀಗಾಗಿ ಬೇಕಾದದ್ದಕ್ಕಿಂತ ಶೇ. 9ರಷ್ಟು ಗಾಳಿ ಹೆಚ್ಚು. ಪೆಟ್ರೋಲ್ ಕಡಿಮೆಯಾದ ಮಿಶ್ರಣದಲ್ಲಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಇದು ಇನ್ನೂ ಕೆಟ್ಟದ್ದು. ಅಲ್ಲಿ ಪಿಸ್ಟನ್ನಿಗೆ ಎಣ್ಣೆ ಸಿಗುವುದೇ ಪೆಟ್ರೋಲಿನೊಂದಿಗೆ ಬೆರೆಸಿದ ಆಯಿಲಿನಿಂದ, ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ.

ಇನ್ನೊಂದು ಗುಣ: ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಕಾರ್ಬೊರೇಟರಿಗೆ ಮೊದಲು ಹೋಗುವುದೇ ತಳದ ದ್ರವ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಲ್ಲಿ ಪೆಟ್ರೋಲ್ ಬಿಡಬೇಡಿ ಎನ್ನುವುದು ಇದಕ್ಕಾಗಿ. ಹಳೆಯ ರಬ್ಬರ್ ಪೈಪುಗಳೂ ಎಥೆನಾಲಿಗೆ ಉಬ್ಬಿ ಮೆತ್ತಗಾಗುತ್ತವೆ, ಅವನ್ನು ಮೊದಲೇ ಬದಲಿಸುವುದು ಲೇಸು. ಈ ಗಾಡಿಯಲ್ಲಿ ಪ್ಲಗ್ಗಿನ ತುದಿ ಬಿಳಿಚಿಕೊಂಡಿತ್ತು. ಮಿಶ್ರಣ ಸರಿ ಇದ್ದರೆ ಅದು ಚಹಾ ಬಣ್ಣಕ್ಕೆ ತಿರುಗಬೇಕು. ಕಾರ್ಬೊರೇಟರಿನ ಸೂಜಿಯನ್ನು ಒಂದು ಕಚ್ಚಿನಷ್ಟು ಮೇಲೆತ್ತಿದ ಬಳಿಕ ಬಣ್ಣ ಸರಿಹೋಯಿತು. ದೊಡ್ಡ ಜೆಟ್ ಹಾಕುವುದು ಇನ್ನೂ ಒಳ್ಳೆಯ ದಾರಿ, ಆದರೆ ಅಳತೆ ತಿಳಿದವರ ಜೊತೆ ಕೂತು ಮಾಡಬೇಕಾದ ಕೆಲಸ.

ಕೊನೆಗೆ ಹುಡುಗರು ಕೇಳಿಯೇ ಕೇಳುವ ಪ್ರಶ್ನೆ: ಸೈಲೆನ್ಸರಿನ ಒಳಕೊಳವೆ ತೆಗೆದರೆ ಗಾಡಿ ಜೋರಾಗುತ್ತದೆಯೇ? ಶಬ್ದ ಜೋರಾಗುತ್ತದೆ, ಗಾಡಿ ಅಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೋಗುವ ಬಾಗಿಲು ಮತ್ತು ಹೊಸ ಮಿಶ್ರಣ ಬರುವ ಬಾಗಿಲು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಸೈಲೆನ್ಸರಿನಲ್ಲಿ ಪ್ರತಿಫಲಿಸಿ ಹಿಂತಿರುಗುವ ಒತ್ತಡದ ಅಲೆ ಹೊಸ ಮಿಶ್ರಣ ಹೊರಗೋಡದಂತೆ ತಡೆಯುತ್ತದೆ. ನಿಮಿಷಕ್ಕೆ 5000 ಸುತ್ತಿನಲ್ಲಿ ಒಂದು ಸುತ್ತಿಗೆ 0.012 ಸೆಕೆಂಡ್, ಹೊಗೆಯ ಬಾಗಿಲು ತೆರೆದಿರುವುದು ಸುಮಾರು 0.005 ಸೆಕೆಂಡ್. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 500 ಮೀಟರ್ ಎಂದರೆ ಅಲೆ ಅಷ್ಟರಲ್ಲಿ 2.5 ಮೀಟರ್ ಚಲಿಸುತ್ತದೆ. ಹೋಗಿ ಬರಲು ಕೊಳವೆ ಒಂದೂಕಾಲು ಮೀಟರ್ ಇರಬೇಕು. ಇದು ಒರಟು ಅಂದಾಜು, ಆದರೂ ಸೈಲೆನ್ಸರ್ ಏಕೆ ಹಿಂದಿನ ಚಕ್ರದ ತನಕ ಹೋಗುತ್ತದೆ ಎಂಬುದು ಅರ್ಥವಾಗುತ್ತದೆ. ಒಳಕೊಳವೆ ತೆಗೆದವರು ಈ ಏರ್ಪಾಡನ್ನೇ ಕೆಡಿಸುತ್ತಾರೆ. ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೂ ವಿರುದ್ಧ. ಅದನ್ನು ಬಿಚ್ಚಿ ಇಂಗಾಲದ ಮಸಿ ತೆಗೆದು ಮತ್ತೆ ಹಾಕಿ. ಅದು ಬೇಕಾದ ಕೆಲಸ, ಅದರಿಂದ ಎಳೆತ ನಿಜವಾಗಿಯೂ ಹೆಚ್ಚುತ್ತದೆ.

ಮತ್ತೊಂದು ಮಾತು. ಗೇರ್ ಇರುವ ಬೈಕಿನ ಪರವಾನಗಿಗೆ 18 ತುಂಬಬೇಕು. ನಿಮ್ಮಲ್ಲಿ ಹೆಚ್ಚಿನವರಿಗೆ ತುಂಬಿಲ್ಲ. ಬಿಚ್ಚಲು, ಅಳೆಯಲು ವಯಸ್ಸಿನ ಮಿತಿ ಇಲ್ಲ, ರಸ್ತೆಗೆ ಇಳಿಸುವವರು ದೊಡ್ಡವರೇ ಆಗಿರಲಿ. ಪೆಟ್ರೋಲಿನ ಕೆಲಸ ಒಲೆ, ಬೀಡಿ, ದೀಪ ಯಾವುದೂ ಹತ್ತಿರವಿಲ್ಲದ ಬಯಲಿನಲ್ಲಿ, ಹಗಲಿನಲ್ಲಿ ಮಾಡಿ. ಎಂಜಿನ್ ಚಾಲೂ ಇಟ್ಟು ಕೋಣೆಯೊಳಗೆ ಕೆಲಸ ಮಾಡಬೇಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಆ ಗಾಡಿಯ ನೋಂದಣಿ ನವೀಕರಣ ಇನ್ನೂ ಆಗಬೇಕಿದೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಗೆ ಐದು ವರ್ಷಕ್ಕೊಮ್ಮೆ ಅದು ಕಡ್ಡಾಯ. ಅಬ್ಬಾ ತಾವೇ ತಿಪಟೂರಿನ ಸಾರಿಗೆ ಕಚೇರಿಗೆ ಹೋಗಿ ಬರುವುದಾಗಿ ಹೇಳಿದ್ದಾರೆ. ಗುಜರಿಯ ಮಾತು ಸದ್ಯಕ್ಕೆ ನಿಂತಿದೆ.

ಓದಿದವರಿಗೆ ಒಂದು ಪ್ರಶ್ನೆ. ಟೂ ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕಿಗೆ ಎರಡೂ ಬದಿಯಲ್ಲಿ ಆಯಿಲ್ ಸೀಲ್ ಇರುತ್ತದೆ. ಯೆಜ್ಡಿಯಲ್ಲಿ ಎಡಗಡೆ ಆಯಿಲಿನಲ್ಲಿ ಮುಳುಗಿದ ಕ್ಲಚ್, ಬಲಗಡೆ ಒಣಗಿರುವ ಡೈನಮೊ. ಒಂದು ಗಾಡಿಯಲ್ಲಿ ಬಿಳಿ ಹೊಗೆ ಬಹಳ, ಗೇರ್ ಆಯಿಲ್ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಿದೆ, ಆದರೆ ನೆಲಕ್ಕೆ ಒಂದು ಹನಿಯೂ ಬಿದ್ದಿಲ್ಲ. ಇನ್ನೊಂದರಲ್ಲಿ ಹೊಗೆ ಇಲ್ಲ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಕೂಗುತ್ತದೆ, ಪ್ಲಗ್ ತುದಿ ಬಿಳಿ. ಯಾವುದರಲ್ಲಿ ಯಾವ ಕಡೆಯ ಸೀಲ್ ಹೋಗಿದೆ, ಯಾಕೆ? ಹೆಸರು, ತರಗತಿ ಬರೆದು ಉತ್ತರವನ್ನು ಭೌತಶಾಸ್ತ್ರ ಪ್ರಯೋಗಾಲಯದ ಬಾಗಿಲ ಬಳಿಯ ಡಬ್ಬಿಗೆ ಹಾಕಿ. ಕಾರಣ ಬರೆಯದ ಉತ್ತರಕ್ಕೆ ಅಂಕವಿಲ್ಲ.